ಬ್ಯಾಟರಿ ಬದಲಾಯಿಸೋಕೆ ಮುಂಚೆ...

ಓಮನ ನಿಯಮವನ್ನ ನಾನು ಪಿಯುಸಿಯಲ್ಲೂ ಓದಿದ್ದೆ, ಇಂಜಿನಿಯರಿಂಗ್ ಮೊದಲ ವರ್ಷದಲ್ಲೂ ಓದಿದ್ದೆ. ಎರಡು ಕಡೆಯೂ ಒಳ್ಳೇ ಮಾರ್ಕ್ಸೇ ಬಂದಿತ್ತು. ಆದರೆ ಅದು ನಿಜವಾಗಿ ಅರ್ಥವಾಗಿದ್ದು 2023ರ ದೀಪಾವಳಿಗೆ ಊರಿಗೆ ಹೋದಾಗ, ನಮ್ಮನೆ ಹಳೇ ಕಾರಿನ ಬಾನೆಟ್ ಎತ್ತಿಕೊಂಡು ನಿಂತಾಗ!

ಹಬ್ಬ ಮುಗಿದ ಮಾರನೇ ದಿನ ಅಮ್ಮನ್ನ ಕಣ್ಣು ತೋರಿಸೋಕೆ ಮಣಿಪಾಲಕ್ಕೆ ಕರ್ಕೊಂಡು ಹೋಗಬೇಕಿತ್ತು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೋಗುವ ದಾರಿ. ಬೆಳಿಗ್ಗೆ ಆರಕ್ಕೇ ತಯಾರಾಗಿ ಕೂತು ಕೀಲಿ ತಿರುಗಿಸಿದರೆ ಬರೀ ‘ಟಕ್’. ಮತ್ತೆ ತಿರುಗಿಸಿದರೆ ಮತ್ತೆ ‘ಟಕ್’. ಹಾರನ್ ಜೋರಾಗೇ ಹೊಡೀತಿತ್ತು, ಲೈಟೂ ಉರೀತಿತ್ತು.

“ಹೊಸ ಬ್ಯಾಟರಿ ಹಾಕಿ ತಿಂಗಳೂ ಆಗಿಲ್ವಲ್ಲೋ” ಅಂದರು ಅಪ್ಪ. ಅದಕ್ಕೂ ಮುಂಚೆ ಸೆಲ್ಫ್ ಮೋಟಾರ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದರಂತೆ. ಎರಡಕ್ಕೂ ಸೇರಿ ಎಂಟು ಸಾವಿರದ ಮೇಲೆ ಖರ್ಚಾಗಿತ್ತು. ಅವತ್ತು ಆಸ್ಪತ್ರೆ ಸಮಯ ತಪ್ಪಿತು, ಮುಂದಿನ ದಿನಾಂಕ ಸಿಕ್ಕಿದ್ದು ಮೂರು ವಾರದ ನಂತರ. ಅಮ್ಮ ಏನೂ ಅನ್ನಲಿಲ್ಲ. ದಾರಿಗೆ ಅಂತ ಕಟ್ಟಿದ್ದ ಇಡ್ಲಿ ಡಬ್ಬಿಯನ್ನ ಸುಮ್ಮನೆ ಒಳಗೆ ತಗೊಂಡು ಹೋದರು.

ಮಧ್ಯಾಹ್ನ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಸ್ಕೂಟರಿನಲ್ಲಿ ಬಂದರು. ಏನನ್ನೂ ಬಿಚ್ಚಲಿಲ್ಲ. ಮಲ್ಟಿಮೀಟರಿನ ಒಂದು ಮುಳ್ಳನ್ನ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನ ಇಂಜಿನ್ನಿನ ಮೈಗೆ ಇಟ್ಟು “ಈಗ ಸೆಲ್ಫ್ ಹೊಡೀರಿ” ಅಂದರು. ಮೀಟರಿನಲ್ಲಿ ಮೂರು ವೋಲ್ಟ್! ಎರಡೂ ಕಡೆ ಒಂದೇ ‘ಅರ್ಥ್’ ಆದ್ದರಿಂದ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕಿತ್ತು. ಇಂಜಿನ್ನಿಗೆ ಬರುವ ಅರ್ಥ್ ವೈರಿನ ಬೋಲ್ಟು ಮಲೆನಾಡಿನ ಮಳೆಗೆ ತುಕ್ಕು ಹಿಡಿದಿತ್ತು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದರು. ಕಾರು ಸ್ಟಾರ್ಟ್! ತಗೊಂಡಿದ್ದು 200 ರೂಪಾಯಿ.

ಆಮೇಲೆ ನಾನು ಕೂತು ಲೆಕ್ಕ ಹಾಕಿದೆ. ಸಣ್ಣ ಕಾರಿನ ಸೆಲ್ಫ್ ಮೋಟಾರೂ ಸ್ಟಾರ್ಟ್ ಆಗುವಾಗ ಸುಮಾರು 150 ಆಂಪಿಯರ್ ಎಳೆಯುತ್ತೆ. ತುಕ್ಕು ಹಿಡಿದ ಜಾಯಿಂಟಿನಲ್ಲಿ ಬರೀ 0.02 ಓಮ್ ಇದ್ದರೂ 150 × 0.02 = 3 ವೋಲ್ಟ್ ಅಲ್ಲೇ ಖಲಾಸ್. ಅದೇ ಜಾಯಿಂಟಿನಲ್ಲಿ ಅರ್ಧ ಆಂಪಿಯರಿನ ಬಲ್ಬು ಉರಿಸಿದರೆ ಹೋಗೋದು 0.01 ವೋಲ್ಟ್, ಗೊತ್ತೇ ಆಗಲ್ಲ. ಮೀಟರನ್ನ ಓಮಿಗೆ ಇಟ್ಟು ಅಳೆದರೂ ಸಿಗಲ್ಲ, ಯಾಕೆಂದರೆ ಅಗ್ಗದ ಮೀಟರಿನ ವೈರುಗಳಿಗೇ ಅದಕ್ಕಿಂತ ಹೆಚ್ಚು ರೋಧ ಇರುತ್ತೆ. ಲೋಡ್ ಇದ್ದಾಗ ವೋಲ್ಟೇಜ್ ಅಳೆದರೆ ಮಾತ್ರ ಕಳ್ಳ ಸಿಗೋದು.

ಹಾಗಾದರೆ ಕಾರಿಟ್ಟುಕೊಂಡವರು ಕಲಿಯಬೇಕಾದ್ದು ಎಷ್ಟು? ನನ್ನ ಪ್ರಕಾರ ನಾಲ್ಕೇ ಅಳತೆ. 300-400 ರೂಪಾಯಿಯ ಮಲ್ಟಿಮೀಟರ್ ಸಾಕು.

1. ಕಾರು ರಾತ್ರಿಯೆಲ್ಲ ನಿಂತಮೇಲೆ ಬ್ಯಾಟರಿ: 12.6 ಇದ್ದರೆ ಫುಲ್ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.
2. ಸೆಲ್ಫ್ ಹೊಡೆಯುವಾಗ ಬ್ಯಾಟರಿ: ಫುಲ್ ಚಾರ್ಜ್ ಇದ್ದೂ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ.
3. ಇಂಜಿನ್ ಓಡುವಾಗ: ಸುಮಾರು 13.8ರಿಂದ 14.5. ಹಳೇ ಕಾರಿನಲ್ಲಿ 12ರ ಆಸುಪಾಸಿನಲ್ಲೇ ನಿಂತಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. (ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನ ಏರಿಳಿಸುತ್ತೆ.)
4. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಂದ ಇಂಜಿನ್ ಮೈಗೆ: ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ವೈರು, ಬೋಲ್ಟು ನೋಡಿ.

ಗೇರ್ ನ್ಯೂಟ್ರಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮೀಟರನ್ನ ಆಂಪಿಯರಿಗೆ ಇಟ್ಟು ಬ್ಯಾಟರಿಯ ಎರಡೂ ತುದಿಗೆ ಹಚ್ಚಬೇಡಿ. ಏರ್‌ಬ್ಯಾಗಿನ ಹಳದಿ ವೈರು, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕೇಸರಿ ಕೇಬಲ್ಲು, ಇವೆರಡರ ತಂಟೆಗೇ ಹೋಗಬೇಡಿ.

ಇದನ್ನೆಲ್ಲ ಹೇಳಿದರೆ ಗೆಳೆಯರು “ಗ್ಯಾರೇಜಿನವರೆಲ್ಲ ಕಳ್ಳರು ಬಿಡು” ಅಂತಾರೆ. ನಾನು ಒಪ್ಪಲ್ಲ. ತಪ್ಪು ನಮ್ಮದೂ ಇದೆ. ಬ್ಯಾಟರಿಗೆ ಸಾವಿರಾರು ರೂಪಾಯಿ ತಕರಾರಿಲ್ಲದೆ ಕೊಡ್ತೀವಿ. ಅದೇ ಮೆಕ್ಯಾನಿಕ್ ಅರ್ಧ ಗಂಟೆ ಅಳೆದು ನೋಡಿ, ಬೋಲ್ಟ್ ಬಿಗಿ ಮಾಡಿ 500 ಕೇಳಿದರೆ “ಬರೀ ನೋಡಿದ್ದಕ್ಕೆ ಐನೂರಾ?” ಅಂತೀವಿ. ಹುಡುಕೋದಕ್ಕೆ ದುಡ್ಡಿಲ್ಲ, ಸಾಮಾನಿಗೆ ದುಡ್ಡಿದೆ ಅಂದರೆ ಅವನು ಸಾಮಾನು ಬದಲಾಯಿಸದೆ ಇನ್ನೇನು ಮಾಡ್ತಾನೆ? ಎರಡು ದಿನ ಹುಡುಕಿ ಒಂದೇ ಸಾಲು ಕೋಡ್ ತಿದ್ದಿ, ಎರಡು ದಿನದ ಸಂಬಳ ಎಣಿಸೋ ನನ್ನಂಥವನಂತೂ ಈ ಮಾತು ಆಡಲೇಬಾರದು :)

ಅದಕ್ಕೇ ಹೇಳೋದು, ಈ ನಾಲ್ಕು ಅಳತೆ ಕಲಿಯೋದು ಮೆಕ್ಯಾನಿಕ್ಕಿನ ಹೊಟ್ಟೆ ಮೇಲೆ ಹೊಡೆಯೋಕಲ್ಲ. “ಬ್ಯಾಟರಿ ಹೋಗಿದೆ” ಅಂದಾಗ “ಎಷ್ಟು ವೋಲ್ಟ್ ಬಂತಣ್ಣ?” ಅಂತ ಕೇಳೋಕೆ. ಅಳೆದು ಹೇಳಿದವನಿಗೆ ಮನಸ್ಸಿಟ್ಟು ದುಡ್ಡು ಕೊಡೋಕೆ.

ಅವತ್ತು ಆ ಅಜ್ಜನಿಗೆ 500ರ ನೋಟು ಕೊಟ್ಟಾಗ ಅವರು ಮುನ್ನೂರು ವಾಪಸ್ ಕೊಟ್ಟರು, ನಾನು ಜೇಬಿಗೆ ಹಾಕಿಕೊಂಡೆ. ಅದೊಂದು ಇವತ್ತಿಗೂ ಚುಚ್ಚುತ್ತೆ.