ಮೂತ್ರರೋಗ ತಜ್ಞರ ಕೋಣೆಯಲ್ಲಿ ಕನ್ನಡ

ಅಮೆರಿಕದ ಕನ್ನಡಿಗರು ಮನೆಯ ಹಿರಿಯರಿಗಾಗಿ ಯೂರಾಲಜಿಸ್ಟರನ್ನು ಹುಡುಕುವಾಗ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ: ವೈದ್ಯರು ವಿಮೆಯ ಜಾಲದಲ್ಲಿದ್ದಾರೆಯೇ, ಮನೆಗೆ ಹತ್ತಿರವೇ, ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಯೇ. ಆ ಕೋಣೆಯಲ್ಲಿ ರೋಗಿ ತನ್ನ ಭಾಷೆಯಲ್ಲಿ ಮಾತನಾಡಬಲ್ಲರೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ವೈದ್ಯರ ಅರ್ಹತೆ ಮುಖ್ಯವೆಂಬುದರಲ್ಲಿ ಎರಡು ಮಾತಿಲ್ಲ. ಮೂತ್ರಪಿಂಡದ ಕಾರ್ಯವೇ ಕುಂದಿದ್ದರೆ ನೆಫ್ರಾಲಜಿಸ್ಟರು ಬೇಕು. ಕಲ್ಲು, ಪ್ರಾಸ್ಟೇಟ್, ಮೂತ್ರಕೋಶದ ತೊಂದರೆಗಳು ಯೂರಾಲಜಿಸ್ಟರ ಕ್ಷೇತ್ರ. ಅಮೆರಿಕನ್ ಬೋರ್ಡ್ ಆಫ್ ಯೂರಾಲಜಿಯ ಪ್ರಮಾಣೀಕರಣವಿದೆಯೇ, ಸೂಚಿಸಿದ ಶಸ್ತ್ರಚಿಕಿತ್ಸೆಯನ್ನು ಅವರು ಎಷ್ಟು ಬಾರಿ ಮಾಡಿದ್ದಾರೆ, ಅದಿಲ್ಲದೆ ಬೇರೆ ದಾರಿಯುಂಟೇ ಎಂದು ಕೇಳಲೇಬೇಕು. ಆದರೆ ಕೇಳುವವರು ಯಾರು? ಬಹುಪಾಲು ಮಗ, ಮಗಳು ಅಥವಾ ಸೊಸೆ.

ಇಲ್ಲಿಯೇ ತೊಡಕಿದೆ. ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಬಟ್ಟೆ ಒದ್ದೆಯಾಗುತ್ತದೆಯೇ, ಲೈಂಗಿಕ ಶಕ್ತಿ ಹೇಗಿದೆ ಎಂದು ವೈದ್ಯರು ಕೇಳಿದಾಗ ಸೊಸೆಯ ಮುಂದೆ ಮಾವ ಏನು ಹೇಳಿಯಾರು? ಕೆಮ್ಮಿದರೆ ಮೂತ್ರ ಸೋರುವ ಸಂಗತಿಯನ್ನು ತಾಯಿ ಮಗನ ಬಾಯಿಂದ ವೈದ್ಯರಿಗೆ ಹೇಗೆ ಮುಟ್ಟಿಸಿಯಾರು? ಅವರಲ್ಲಿ ಅನೇಕರು ಯೂರಾಲಜಿಸ್ಟರೆಂದರೆ ಗಂಡಸರ ವೈದ್ಯರೆಂದೇ ತಿಳಿದು ಸುಮ್ಮನಿರುತ್ತಾರೆ. ಸಂಕೋಚವು ‘ಎಲ್ಲ ಸರಿಯಿದೆ’ ಎಂಬ ಉತ್ತರವಾಗಿ ಕಡತ ಸೇರುತ್ತದೆ. ಚಿಕಿತ್ಸೆ ಆ ಉತ್ತರವನ್ನೇ ಆಧರಿಸುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರಿನ ಪಿಎಸ್‌ಎ ಪರೀಕ್ಷೆಯನ್ನೇ ನೋಡಬಹುದು. 55ರಿಂದ 69 ವಯಸ್ಸಿನವರು ಲಾಭ–ನಷ್ಟಗಳನ್ನು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಬೇಕೆಂದು ಅಮೆರಿಕದ ತಡೆ ಆರೋಗ್ಯ ಸೇವೆಗಳ ಕಾರ್ಯಪಡೆ 2018ರಲ್ಲಿ ಹೇಳಿತು. 70 ದಾಟಿದವರಿಗೆ ಈ ತಪಾಸಣೆಯನ್ನು ಅದು ಶಿಫಾರಸು ಮಾಡಲಿಲ್ಲ. ಅನಗತ್ಯ ಚಿಕಿತ್ಸೆಯಿಂದ ಮೂತ್ರದ ಹಿಡಿತವೂ ಲೈಂಗಿಕ ಸಾಮರ್ಥ್ಯವೂ ಕುಂದುವ ಅಪಾಯವಿದೆ. ಇಂಥ ನಿರ್ಧಾರವನ್ನು ಅರೆಬರೆ ಇಂಗ್ಲಿಷಿನಲ್ಲಿ ತಲೆಯಾಡಿಸಿ ಮುಗಿಸಲಾಗದು.

ಕಾನೂನು ರೋಗಿಯ ಪರವಾಗಿದೆ. 1964ರ ನಾಗರಿಕ ಹಕ್ಕುಗಳ ಕಾಯಿದೆ ಮತ್ತು 2010ರ ಆರೋಗ್ಯ ಸುಧಾರಣಾ ಕಾಯಿದೆಯ 1557ನೆಯ ವಿಧಿಯಡಿ, ಸಂಯುಕ್ತ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಇಂಗ್ಲಿಷ್ ಚೆನ್ನಾಗಿ ಬಾರದ ರೋಗಿಗೆ ಅಗತ್ಯವಾದ ಕಡೆ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಫೋನ್ ಅಥವಾ ವಿಡಿಯೋ ಮೂಲಕವೂ ಆಗಬಹುದು. ದುಭಾಷಿಯನ್ನು ನೀವೇ ಕರೆತನ್ನಿ ಎಂದು ಅವು ರೋಗಿಗೆ ಹೇಳುವಂತಿಲ್ಲ.

ಹಕ್ಕಿದ್ದರೂ ಕೇಳುವವರು ವಿರಳ. ವಿದ್ಯಾವಂತ ಕುಟುಂಬಗಳಿಗೆ ದುಭಾಷಿಯನ್ನು ಕೇಳುವುದೇ ಮಾನಹಾನಿಯೆನಿಸುತ್ತದೆ. ಭಾರತೀಯರೆಂದರೆ ಹಿಂದಿ ಎಂದು ಬರೆದುಕೊಳ್ಳುವ ಸ್ವಾಗತಕಾರರನ್ನು ತಿದ್ದುವವರೂ ಕಡಿಮೆ. ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಾಭಿಮಾನ ಮೊಳಗಿಸುವ ಕನ್ನಡ ಸಂಘಗಳು ಈ ಹಕ್ಕನ್ನು ತಿಳಿಸುವ ಒಂದು ಪುಟದ ಕರಪತ್ರವನ್ನಾದರೂ ಹಂಚಬೇಡವೇ?

ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ‘ಕನ್ನಡ ದುಭಾಷಿ ಬೇಕು, ಹಿಂದಿಯಲ್ಲ’ ಎಂದು ಹೇಳಿ ದಾಖಲಿಸಿಕೊಳ್ಳಬೇಕು. ಮಕ್ಕಳು ಹೊರಗೆ ಕುಳಿತುಕೊಳ್ಳಲು ಸಿದ್ಧರಿರಬೇಕು. ಇದಕ್ಕೆ ಗೊಣಗುವ ಕ್ಲಿನಿಕ್ಕನ್ನು ಬಿಟ್ಟು ಇನ್ನೊಂದನ್ನು ಹುಡುಕುವುದೂ ಯೂರಾಲಜಿಸ್ಟರ ಆಯ್ಕೆಯ ಭಾಗವೇ ಆಗಿದೆ.