ಮಕ್ಕಳ ಸಂಧಿವಾತ: ಔಷಧದಂಗಡಿಯತ್ತ ನೋಡಬೇಕು

ಹದಿನಾರು ತುಂಬುವ ಮೊದಲೇ ಕಾಣಿಸಿಕೊಂಡು ಆರು ವಾರಕ್ಕೂ ಮೀರಿ ಉಳಿಯುವ ಮಕ್ಕಳ ಸಂಧಿವಾತಕ್ಕೆ ವಂಶವಾಹಿಯೊಂದೇ ಕಾರಣವಲ್ಲ ಎಂಬ ವಾದಕ್ಕೆ ಬಲ ಬರುತ್ತಿದೆ. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ್ಯಂಟಿಬಯಾಟಿಕ್ ಪಡೆದ ಮಕ್ಕಳಲ್ಲಿ ಈ ಕಾಯಿಲೆಯ ಸಂಭವ ಸುಮಾರು ಇಮ್ಮಡಿ. ಹೆಚ್ಚು ಸಲ ಔಷಧ ಪಡೆದಷ್ಟೂ ನಂಟು ಬಲವಾಗಿತ್ತು. ಫಿನ್ಲೆಂಡಿನ ದಾಖಲೆಗಳೂ ಇದೇ ದಿಕ್ಕನ್ನು ತೋರಿಸಿವೆ. ನಂಟು ಕಂಡಿದೆಯೇ ಹೊರತು ಕಾರಣ ಸಾಬೀತಾಗಿಲ್ಲ. ಔಷಧ ಬೇಡಿದ ಸೋಂಕೇ ರೋಗಕ್ಕೆ ದಾರಿ ಮಾಡಿರಬಹುದು. ಆದ್ದರಿಂದ ವೈದ್ಯರು ಬರೆದುಕೊಟ್ಟ ಔಷಧವನ್ನು ಹೆತ್ತವರು ಹೆದರಿ ನಿಲ್ಲಿಸಬಾರದು. ಮಗುವಿನ ನೋವಿಗೆ ತಾಯಿಯನ್ನು ಹೊಣೆ ಮಾಡುವುದಂತೂ ಅನ್ಯಾಯ.

ಆದರೆ ನಮ್ಮಲ್ಲಿ ನೆಗಡಿ, ಜ್ವರಕ್ಕೂ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಸಿಗುತ್ತದೆ. ವೈರಸ್‌ನಿಂದ ಬರುವ ನೆಗಡಿಗೆ ಅದು ನಾಟುವುದೇ ಇಲ್ಲ. ವೈದ್ಯರ ಶುಲ್ಕ, ದಿನಗೂಲಿ ಎರಡನ್ನೂ ಲೆಕ್ಕ ಹಾಕಬೇಕಾದ ಬಡ ಕುಟುಂಬ ನೇರವಾಗಿ ಅಂಗಡಿಗೆ ಹೋಗುತ್ತದೆ. ಅಪಾಯದ ಪಾಲೂ ಅದರದೇ. ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕೆಂಬ ಶೆಡ್ಯೂಲ್ ಎಚ್-1 ನಿಯಮ 2014ರಿಂದಲೇ ಜಾರಿಯಲ್ಲಿದೆ. ಔಷಧ ನಿಯಂತ್ರಣ ಇಲಾಖೆ ಅದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಮಾಡಬೇಕು. ಜತೆಗೆ, ಬೆಳಗಿನ ಹೊತ್ತು ಕೀಲು ಬಿಗಿದು ಕುಂಟುವ ಮಗುವನ್ನು ಗುರುತಿಸಿ ತಜ್ಞರ ಬಳಿಗೆ ಕಳುಹಿಸುವ ತರಬೇತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಸರ್ಕಾರ ಕೊಡಿಸಬೇಕು. ಚಿಕಿತ್ಸೆ ತಡವಾದರೆ ಕೀಲು ಶಾಶ್ವತವಾಗಿ ಹಾಳಾಗಬಹುದು.