ಬಿಟ್ಟಿ ಕರೆಂಟಿನ ತೂಕ ನೋಡುವವರು ಯಾರು?

ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿಗೆ ಮೆಕ್ಕೆಜೋಳ ಒಯ್ದ ಯಾವ ರೈತನನ್ನಾದರೂ ಕೇಳಿ ನೋಡಿ. ಚೀಲದ ಬಾಯಿ ಬಿಚ್ಚಿದ ಕೂಡಲೇ ಒಂದು ಹಿಡಿ ಕಾಳು ತೇವ ನೋಡುವ ಮೀಟರಿಗೆ ಬೀಳುತ್ತದೆ. ಶೇ. 14ಕ್ಕಿಂತ ಜಾಸ್ತಿ ತೋರಿಸಿತೋ, ಬೆಲೆ ಇಳಿಯಿತು. ಡೈರಿಗೆ ಹಾಲು ಹಾಕಿದರೆ ಫ್ಯಾಟು ನೋಡುತ್ತಾರೆ, ಕಾರ್ಖಾನೆಗೆ ಕಬ್ಬು ಹೊತ್ತರೆ ಸಕ್ಕರೆ ಇಳುವರಿ ನೋಡುತ್ತಾರೆ. ನಾವು ಮಾರುವ ಸರಕಿಗೆಲ್ಲ ಅಳತೆಯಿದೆ, ದರ್ಜೆಯಿದೆ, ಕಡಿತವಿದೆ. ಆದರೆ ನಾವು ಪಡೆಯುವ ಒಂದು ಸರಕನ್ನು ಮಾತ್ರ ಇವತ್ತಿನವರೆಗೂ ಯಾರೂ ನಮ್ಮ ಕಣ್ಣೆದುರು ತೂಗಿ ತೋರಿಸಿಲ್ಲ. ಅದು ನಮ್ಮ ಪಂಪ್‌ಸೆಟ್ಟಿಗೆ ಬರುವ ಕರೆಂಟು.

ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಪುಕ್ಕಟೆ ಸಿಕ್ಕದ್ದಕ್ಕೆ ಗುಣ ಕೇಳೋದೇನು ಅಂತ. ಸ್ವಾಮಿ, ಇದು ದಟ್ಟಿಯೂ ಅಲ್ಲ, ಧರ್ಮವೂ ಅಲ್ಲ. ಐ.ಪಿ. ಸೆಟ್ಟುಗಳು ಸುಟ್ಟ ಯೂನಿಟ್ಟುಗಳನ್ನು ಫೀಡರ್ ಮತ್ತು ಟಿ.ಸಿ. ಮೀಟರುಗಳ ಮೇಲಿಂದ ಅಂದಾಜು ಮಾಡಿ, ಆ ಲೆಕ್ಕದ ಮೇಲೆ ಸರ್ಕಾರ ಬೆಸ್ಕಾಮಿಗೆ ಸಹಾಯಧನ ಕಟ್ಟುತ್ತದೆ. ಖಜಾನೆಯಿಂದ ದುಡ್ಡು ಹೋಗುವುದು ನಮ್ಮ ಹೆಸರಲ್ಲಿ. ದುಡ್ಡು ಸಂದಾಯವಾದ ಮಾಲು ಸರಿಯಾಗಿದೆಯೇ ಅಂತ ಕೇಳುವುದಕ್ಕೆ ಯಾರ ಅಪ್ಪಣೆ ಬೇಕು?

ಕಳಪೆ ಮಾಲಿನ ಬೆಲೆ ಕಟ್ಟುವವರೂ ನಾವೇ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದಷ್ಟು ಇಳಿಯುತ್ತದೆ. 415 ವೋಲ್ಟು ಬರಬೇಕಾದಲ್ಲಿ 332 ಬಂದರೆ, ಅಂದರೆ ನೂರಕ್ಕೆ 80 ಬಂದರೆ, ಬಲ ಉಳಿಯುವುದು 64. ಬೋರಿನ ನೀರಿನ ಭಾರ ಮಾತ್ರ ಇಳಿಯುವುದಿಲ್ಲವಲ್ಲ! ಮೋಟಾರು ಏದುಸಿರು ಬಿಡುತ್ತಾ ಹೆಚ್ಚು ಆಂಪಿಯರ್ ಎಳೆಯುತ್ತದೆ, ವೈಂಡಿಂಗು ಕಾಯುತ್ತದೆ. ಸುಮಾರು 10 ಡಿಗ್ರಿ ಬಿಸಿ ಹೆಚ್ಚಾದರೆ ವೈಂಡಿಂಗಿನ ಹೊದಿಕೆಯ ಆಯಸ್ಸು ಅರ್ಧಕ್ಕರ್ಧ ಕಡಿಮೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ಆಮೇಲಿನದು ಎಲ್ಲರ ಅನುಭವ. ಫೆಬ್ರವರಿ ಮಾರ್ಚಿನಲ್ಲಿ, ತೋಟಕ್ಕೆ ನೀರು ಬೇಕೇ ಬೇಕು ಅನ್ನುವಾಗಲೇ ಮೋಟಾರು ಸುಡುತ್ತದೆ. ಪೈಪು ಎತ್ತುವವರ ಕೂಲಿ, ರಿವೈಂಡಿಂಗು, ಮತ್ತೆ ಇಳಿಸುವ ಕೂಲಿ, ಅಷ್ಟು ದಿನ ಒಣಗಿದ ಬೆಳೆ. ಬ್ಯಾಂಕಿನ ಬೆಳೆಸಾಲ ಬಿತ್ತನೆಯಲ್ಲೇ ಮುಗಿದಿರುತ್ತದೆ. ಇದಕ್ಕೆ ಕೈಸಾಲವೇ ಗತಿ, ಬಡ್ಡಿ ಅವನು ಹೇಳಿದ್ದು. ಎರಡು ವರ್ಷಕ್ಕೊಮ್ಮೆ ಹೀಗಾದರೆ ಪುಕ್ಕಟೆ ಕರೆಂಟು ಎಷ್ಟಕ್ಕೆ ಬಿತ್ತು?

ಮೀಟರ್ ಅಂದ ಕೂಡಲೇ ನಮ್ಮ ಓದುಗರ ಮೈ ಉರಿಯುತ್ತದೆ ಅಂತ ಬಲ್ಲೆವು. ಪಂಪ್‌ಸೆಟ್ಟಿಗೆ ಮೀಟರ್ ಕೂರಿಸುವುದನ್ನು ವಿರೋಧಿಸಿದ್ದು ನಮ್ಮ ಚಳವಳಿಯಷ್ಟೇ ಹಳೆಯ ಮಾತು. ಇವತ್ತು ಹೇಳುತ್ತಿರುವುದು ಆ ಮೀಟರಿನ ವಿಚಾರವಲ್ಲ. ಅದು ನಾವು ಎಷ್ಟು ತಿಂದೆವು ಅಂತ ಎಣಿಸುತ್ತದೆ. ವಿದ್ಯುತ್ ಗುಣಮಟ್ಟದ ಮೀಟರು ಎಂಬ ಇನ್ನೊಂದಿದೆ. ಬಡಿಸಿದ್ದು ಹಳಸಿದೆಯೋ ಇಲ್ಲವೋ ಅಂತ ಅದು ನೋಡುತ್ತದೆ: ಮೂರೂ ಫೇಸಿನ ವೋಲ್ಟೇಜು, ಆಂಪಿಯರ್, ಪವರ್ ಫ್ಯಾಕ್ಟರ್, ಯಾವ ಗಳಿಗೆಗೆ ಇಳಿಯಿತು, ಯಾವಾಗ ಹೋಯಿತು, ಎಷ್ಟು ಹೊತ್ತಿಗೆ ಬಂತು. ದೊಡ್ಡ ಕಾರ್ಖಾನೆಯವರು ಇಂಥದ್ದನ್ನು ಇಟ್ಟುಕೊಂಡು, ಅದನ್ನು ಓದಲು ಇಂಜಿನಿಯರನ್ನೂ ಇಟ್ಟುಕೊಂಡಿರುತ್ತಾರೆ. ಅವರ ದೂರಿಗೆ ಅಂಕಿ ಅಂಶ ಇರುತ್ತದೆ. ನಮ್ಮ ದೂರಿಗೆ "ಕರೆಂಟು ಡಿಮ್ಮು ಸಾರ್" ಅನ್ನುವುದಷ್ಟೇ ಇರುತ್ತದೆ.

ಹೂಡುವ ಕ್ರಮ ಕಷ್ಟದ್ದೇನಲ್ಲ, ಆದರೆ ಹುಡುಗಾಟದ್ದೂ ಅಲ್ಲ. ಟಿ.ಸಿ. ಕಂಬಕ್ಕೆ ಯಾರೂ ಕೈಹಾಕಕೂಡದು. ಅದು ಕಂಪನಿಯ ಸ್ವತ್ತು, ಜೀವಕ್ಕೂ ಅಪಾಯ. ಮೀಟರು ಕೂರಬೇಕಾದ್ದು ನಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲಿ, ಮೇನ್ ಸ್ವಿಚ್ಚಿನಿಂದ ಈಚೆಗೆ. ಲೈಸೆನ್ಸ್ ಇರುವ ವೈರ್‌ಮನ್ನನ್ನೇ ಕರೆಸಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು, ಟೆಸ್ಟರು ಹಿಡಿದು ನೋಡಿದ ಮೇಲೆಯೇ ಕೆಲಸ. ಮೂರು ಫೇಸಿಗೆ ಮೂರು ವೋಲ್ಟೇಜ್ ತಂತಿ, ಮೂರಕ್ಕೂ ಇಕ್ಕಳದಂಥ ಮೂರು ಕ್ಲಾಂಪು. ಕ್ಲಾಂಪಿನ ಮೇಲೊಂದು ಬಾಣದ ಗುರುತಿರುತ್ತದೆ, ಅದು ಮೋಟಾರಿನ ಕಡೆಗೇ ಮುಖ ಮಾಡಬೇಕು. ತಿರುಗುಮುರುಗಾದರೆ ಕಿಲೋವ್ಯಾಟಿನ ಹಿಂದೆ ಕಳೆಯುವ ಚಿಹ್ನೆ ಬರುತ್ತದೆ, ನಮ್ಮ ಮೋಟಾರೇ ಬೆಸ್ಕಾಮಿಗೆ ಕರೆಂಟು ಮಾರುತ್ತಿರುವ ಹಾಗೆ! ಆರ್ ಫೇಸಿನ ಕ್ಲಾಂಪು ಆರ್ ತಂತಿಗೇ ಇರಬೇಕು. ಅದಲು ಬದಲಾದರೆ ಪವರ್ ಫ್ಯಾಕ್ಟರ್ ಎಲ್ಲೆಲ್ಲೋ ಹೋಗುತ್ತದೆ. ನಮ್ಮಲ್ಲಿ ಬಹಳಷ್ಟು ಪೆಟ್ಟಿಗೆಗೆ ನ್ಯೂಟ್ರಲ್ ಬಂದಿರುವುದಿಲ್ಲ, ಅಂಥ ಕಡೆ ಮೀಟರನ್ನು "ಮೂರು ಫೇಸು, ಮೂರು ತಂತಿ" ಅಂತ ಹೊಂದಿಸಬೇಕು. ಗಡಿಯಾರ, ತಾರೀಖು ಸರಿಮಾಡುವುದನ್ನು ಮರೆಯಬೇಡಿ. ತಾರೀಖಿಲ್ಲದ ದಾಖಲೆ ಸಹಿಯಿಲ್ಲದ ಪತ್ರದ ಹಾಗೆ. ಒಳಗಿನ ಬ್ಯಾಟರಿ ತುಂಬಿರಲಿ, ಕರೆಂಟು ಹೋದ ಹೊತ್ತೂ ದಾಖಲಾಗಬೇಕಲ್ಲ.

ಸ್ವಿಚ್ ಹಾಕಿ ಮೋಟಾರು ಓಡಿಸಿದ ಮೇಲೆ ಆಂಪಿಯರನ್ನು ಮೋಟಾರಿನ ಹೆಸರುಫಲಕದ ಜೊತೆ ತಾಳೆ ನೋಡಿ. ಆಮೇಲೆ ಹತ್ತು ನಿಮಿಷಕ್ಕೊಂದು ಸರಾಸರಿ ಬರೆದುಕೊಳ್ಳುವಂತೆ ಬಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ. ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂದರೆ ದಿನಕ್ಕೆ 42 ಸಾಲು, ವಾರಕ್ಕೆ 294. ಒಂದು ವಾರ ಪೂರ್ತಿ ಇರಲಿ, ಹಗಲು ಪಾಳಿಯೂ ರಾತ್ರಿ ಪಾಳಿಯೂ ಅದರಲ್ಲಿ ಬರಲಿ. 7 ಗಂಟೆ ಅಂದದ್ದು ನಿಜಕ್ಕೂ ಎಷ್ಟು ಗಂಟೆ ಎಂಬುದೂ ಆಗಲೇ ಗೊತ್ತಾಗುತ್ತದೆ.

ಈಗ ಓದುವುದು. ಒಂದು ಉದಾಹರಣೆ ಹಿಡಿಯಿರಿ: ಫೇಸು ಫೇಸಿನ ನಡುವೆ 372, 351, 330 ಬಂತು. ಸರಾಸರಿ 351. ಸರಾಸರಿಯಿಂದ ಅತಿ ದೂರ ಇರುವುದು 21 ವೋಲ್ಟು. 351ರಲ್ಲಿ 21 ಅಂದರೆ ಶೇ. 6. ಇದಕ್ಕೆ ಅಸಮತೋಲ ಅನ್ನುತ್ತಾರೆ. ಶೇ. 5 ದಾಟಿದರೆ ಮೋಟಾರು ಓಡಿಸಲೇಬಾರದು ಎನ್ನುವುದು ಬಲ್ಲವರ ಮಾತು, ಯಾಕೆಂದರೆ ವೋಲ್ಟೇಜಿನಲ್ಲಿ ಒಂದರಷ್ಟು ಏರುಪೇರಾದರೆ ಆಂಪಿಯರಿನಲ್ಲಿ ಅದರ ಆರು ಹತ್ತು ಪಟ್ಟು ಏರುಪೇರಾಗುತ್ತದೆ. ಎರಡು ಫೇಸು ತಣ್ಣಗಿದ್ದು ಒಂದೇ ಸುಟ್ಟುಹೋದ ವೈಂಡಿಂಗು ರಿಪೇರಿ ಅಂಗಡಿಯಲ್ಲಿ ಕಂಡಿರಾದರೆ ಕಾರಣ ಬಹುಮಟ್ಟಿಗೆ ಇಂಥದ್ದೇ.

ತಪ್ಪು ಎಲ್ಲಿದೆ ಅಂತಲೂ ಮೀಟರೇ ಬಾಯಿ ಬಿಡುತ್ತದೆ. ಅದಕ್ಕೆ ಒಂದು ಟಿ.ಸಿ.ಯ ರೈತರೆಲ್ಲ ಒಂದು ದಿನ ಒಗ್ಗಟ್ಟಾಗಬೇಕು. ಕರೆಂಟು ಬಂದ ಮೇಲೆ ಹತ್ತಿಪ್ಪತ್ತು ನಿಮಿಷ ಯಾರೂ ಮೋಟಾರು ಹಾಕಬಾರದು. ನಮ್ಮ ಟಿ.ಸಿ.ಗಳು ಹೊರೆಯಿಲ್ಲದಾಗ 433 ವೋಲ್ಟು ಕೊಡುವಂತೆ ಮಾಡಿದವು. ಆ ಹೊತ್ತಿನಲ್ಲೇ ವೋಲ್ಟೇಜು ಬಿದ್ದಿದ್ದರೆ ದೋಷ ಮೇಲಿನ 11 ಕೆ.ವಿ. ಫೀಡರಿನದು, ಇಲ್ಲವೇ ಟಿ.ಸಿ.ಯ ಟ್ಯಾಪಿನದು. ಆಗ ಸರಿಯಿದ್ದು, ಒಂದೊಂದೇ ಮೋಟಾರು ಹಾಕುತ್ತಾ ಹೋದಂತೆ ಕುಸಿದರೆ ಟಿ.ಸಿ.ಗೆ ಹೊರೆ ಮೀರಿದೆ, ಅಥವಾ ತಂತಿ ಸಣ್ಣದು, ದಾರಿ ಉದ್ದ. ಒಂದೇ ಫೇಸು ಬಿದ್ದರೆ ಎಲ್ಲೋ ಜಾಯಿಂಟು ಸಡಿಲ. ಭದ್ರಾ ನಾಲೆಯ ಕೊನೆಭಾಗದ ಮಲೇಬೆನ್ನೂರು, ಹರಿಹರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಎಳೆದುಕೊಂಡು ಮಿಕ್ಕದ್ದು ಕೊನೆಗೆ ಬರುವುದು ನೀರಿನಲ್ಲಿ ಹೇಗೋ ತಂತಿಯಲ್ಲೂ ಹಾಗೇ.

ಇಲ್ಲಿ ನಮ್ಮ ಮಗ್ಗುಲನ್ನೂ ನೋಡಿಕೊಳ್ಳಬೇಕು. 25 ಕೆ.ವಿ.ಎ. ಟಿ.ಸಿ. ಹೊರುವುದು 5 ಎಚ್.ಪಿ.ಯ ನಾಲ್ಕೈದು ಪಂಪು. ಅದಕ್ಕೆ ಎಂಟು ಹತ್ತು ನೇತುಹಾಕಿ, ಅದರಲ್ಲಿ ಅರ್ಧ ಲೆಕ್ಕದಲ್ಲೇ ಇಲ್ಲದಿದ್ದರೆ, ಟಿ.ಸಿ. ಸುಟ್ಟಿತು ಅಂತ ಸೆಕ್ಷನ್ ಆಫೀಸಿನ ಮುಂದೆ ಕೂತು ಪ್ರಯೋಜನ ಏನು? ಇನ್ನು ಆಟೋ ಸ್ಟಾರ್ಟರು. ರಾತ್ರಿ ಎದ್ದು ಹೋಗುವ ಕಷ್ಟಕ್ಕೆ ಎಲ್ಲರೂ ಆಟೋದಲ್ಲಿ ಬಿಟ್ಟಿರುತ್ತಾರೆ, ಹಾವಿನ ಭಯ ಯಾರಿಗಿಲ್ಲ. ಆದರೆ ಕರೆಂಟು ಬಂದ ಆ ಕ್ಷಣಕ್ಕೆ ಹತ್ತೂ ಮೋಟಾರು ಒಟ್ಟಿಗೆ ಎದ್ದರೆ, ಒಂದೊಂದೂ ತನ್ನ ಮಾಮೂಲಿನ ಐದಾರು ಪಟ್ಟು ಎಳೆಯುತ್ತದೆ. ಒಬ್ಬನದು ಒಂದು ನಿಮಿಷಕ್ಕೆ, ಇನ್ನೊಬ್ಬನದು ಮೂರು ನಿಮಿಷಕ್ಕೆ ಅಂತ ಟೈಮರ್ ಹಾಕಿಸಿಕೊಂಡರೆ ಮುಗಿಯಿತು. ಎರಡೇ ಫೇಸಿದ್ದಾಗ ಕಂಡೆನ್ಸರ್ ಹಾಕಿ ಮೋಟಾರು ಎಬ್ಬಿಸುವ ಚಾಳಿ ಅಕ್ಕಪಕ್ಕದವರ ಫೇಸನ್ನೂ ಕೆಡಿಸುತ್ತದೆ. ಅದನ್ನು ಬಿಟ್ಟು, ಮೋಟಾರಿಗೆ ತಕ್ಕ ಕೆಪಾಸಿಟರನ್ನು ಸರಿಯಾದ ಜಾಗದಲ್ಲಿ ಹಾಕಿಸಿದರೆ ಪವರ್ ಫ್ಯಾಕ್ಟರ್ ಏರುತ್ತದೆ, ತಂತಿಯ ಮೇಲಿನ ಹೊರೆ ಇಳಿಯುತ್ತದೆ. ನಮ್ಮ ಮನೆ ಗುಡಿಸಿಕೊಂಡ ಮೇಲೂ 294 ಸಾಲಿನಲ್ಲಿ ವೋಲ್ಟೇಜು ಬಿದ್ದೇ ಇದ್ದರೆ ಆಗ ಕಂಪನಿಯ ಬಾಗಿಲಿಗೆ ಹೋಗೋಣ, ತಲೆಯೆತ್ತಿ.

ಕಾನೂನು ಖಾಲಿ ಕೈಯಲ್ಲಿ ಕಳಿಸುವುದಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 54ನೇ ನಿಯಮವೇ ಇಂಥ ಸರಬರಾಜಿನಲ್ಲಿ ವೋಲ್ಟೇಜು ಶೇ. 6ಕ್ಕಿಂತ ಹೆಚ್ಚು ಏರಿಳಿಯಬಾರದು ಅಂದಿತ್ತು. 415ಕ್ಕೆ ಅದು 390. ಆ ನಿಯಮಾವಳಿ ಈಗಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ ಪ್ರಕಾರ ಸೇವೆಯ ಮಟ್ಟ, ತಪ್ಪಿದರೆ ಪರಿಹಾರ, ಎರಡನ್ನೂ ಗೊತ್ತುಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ, ವೋಲ್ಟೇಜಿನ ದೂರು ಬಗೆಹರಿಸಲು ಹಿಡಿದ ಕಾಲವೂ ಪರಿಹಾರದ ಪಟ್ಟಿಯಲ್ಲಿದೆ. ಆರ್.ಆರ್. ನಂಬರು ಹಾಕಿ, ವಾರದ ದಾಖಲೆ ಲಗತ್ತಿಸಿ, ಬರವಣಿಗೆಯಲ್ಲಿ ದೂರು ಕೊಡಿ. ಮೊಹರು ಬಿದ್ದ ನಕಲು ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ ಕಾಯ್ದೆಯ 42ನೇ ಕಲಮಿನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್. "ನಿಮ್ಮ ಮೀಟರನ್ನು ನಾವು ಒಪ್ಪೋಲ್ಲ" ಅನ್ನುತ್ತಾರೆ. ಅನ್ನಲಿ. ಮಾನ್ಯತೆ ಪಡೆದ ಪ್ರಯೋಗಾಲಯದ ತಪಾಸಣಾ ಪತ್ರ ಮೀಟರಿನ ಜೊತೆಗಿರಲಿ, "ನಿಮ್ಮದನ್ನೂ ಪಕ್ಕದಲ್ಲಿ ಕಟ್ಟಿ, ಒಂದು ವಾರ ನೋಡೋಣ" ಅನ್ನಿ. ತಕ್ಕಡಿ ಮೇಲೆ ಅನುಮಾನ ಬಂದರೆ ನಾವು ಯಾರ್ಡಿನಲ್ಲಿ ಮಾಡುವುದೂ ಅದನ್ನೇ ಅಲ್ಲವೇ?

ಒಳ್ಳೆಯ ಮೀಟರಿನ ಬೆಲೆ ಲಕ್ಷದ ಮೇಲಿದೆ, ಒಬ್ಬೊಬ್ಬ ರೈತ ಕೊಳ್ಳುವ ವಸ್ತುವಲ್ಲ. ವ್ಯವಸಾಯ ಸೇವಾ ಸಹಕಾರ ಸಂಘವೊಂದು ಕೊಂಡು ಟಿ.ಸಿ.ಯಿಂದ ಟಿ.ಸಿ.ಗೆ ವಾರಕ್ಕೊಂದರಂತೆ ತಿರುಗಿಸಿದರೆ ವರ್ಷಕ್ಕೆ ಐವತ್ತು ಟಿ.ಸಿ.ಯ ಜಾತಕ ಕೈಗೆ ಬರುತ್ತದೆ. ದಾವಣಗೆರೆಯಲ್ಲಿ 1951ರಿಂದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿದೆ, ಬಾಪೂಜಿ ಕಾಲೇಜಿದೆ; ಅಲ್ಲಿ ಓದುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರ ಪ್ರಾಜೆಕ್ಟಿಗೆ ನಮ್ಮ ಹೊಲದ ಸ್ಟಾರ್ಟರ್ ಪೆಟ್ಟಿಗೆ ಆಗಬಾರದೇ ಅಂತ ಊರಿನ ಹಿರಿಯರು ಹೋಗಿ ಕೇಳಲಿ. ದರ ಏರಿಸುವ ಅರ್ಜಿಯ ಮೇಲೆ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ಕಂಪನಿಯವರು ನಮ್ಮ ಪಂಪ್‌ಸೆಟ್ಟುಗಳು ಸುಟ್ಟ ಯೂನಿಟ್ಟಿನ ಲೆಕ್ಕ ಇಡುತ್ತಾರೆ. ಮುಂದಿನ ವಿಚಾರಣೆಯ ಹೊತ್ತಿಗೆ ದಾವಣಗೆರೆ, ಹರಿಹರ ತಾಲೂಕುಗಳಿಂದ ಹತ್ತು ಟಿ.ಸಿ.ಗಳ ವಾರದ ದಾಖಲೆಯಾದರೂ ಆ ಮೇಜಿನ ಮೇಲೆ ಬೀಳಬೇಕು. ಬೇಸಿಗೆಯ ಹೊರೆ ಏರುವುದು ಜನವರಿಯ ನಂತರ. ಮೊದಲ ಮೀಟರು ಅದಕ್ಕೂ ಮುಂಚೆ, ಲೈನಿನ ಕಟ್ಟಕಡೆಯ ಪಂಪ್‌ಸೆಟ್ಟಿನಲ್ಲಿ ಕೂರಲಿ.